ಮೂತಿ ಭಾರದ ಬಾಣ

ರಾಗಿ ತೆನೆ ಕಟ್ಟುವ ಹೊತ್ತಿಗೆ ಮಾಕಳಿದುರ್ಗದ ಬುಡದ ಊರುಗಳಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಕಾಡುಹಂದಿಗೆ ಯಾವ ಬಾಣ ಸರಿ? ರಾತ್ರೋರಾತ್ರಿ ಹೊಲವನ್ನೆಲ್ಲ ಉತ್ತುಹಾಕಿ ಹೋಗುವ ಹಿಂಡನ್ನು ಕಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಯಾವ ಬಾಣವೂ ಸರಿಯಲ್ಲ ಎಂದೇ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಹಂದಿಗೆ ಬಾಣ ಬಿಡುವುದು ಅಪರಾಧ. ಬೆಳೆ ಹೋಗಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಪರಿಹಾರ ಕೇಳಿ.

ಬಿಲ್ಲುಗಾರಿಕೆಯ ಪ್ರಶ್ನೆಯಾಗಿ ನೋಡಿದರೆ ಮಾತ್ರ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ವೃತ್ತ ಬರೆದ ಕಾಗದಕ್ಕೆ ಬಾಣ ತಾಗಿದರೆ ಸಾಕು. ದೊಡ್ಡ ಪ್ರಾಣಿಗೆ ತಾಗಿದರೆ ಸಾಲದು, ಆ ಕಡೆಯಿಂದ ಹೊರಬರಬೇಕು. ಅರ್ಧಕ್ಕೆ ನಿಂತ ಬಾಣ ಹೊತ್ತು ಓಡಿದ ಪ್ರಾಣಿ ದಿನಗಟ್ಟಲೆ ನರಳುತ್ತದೆ. ಬಿಲ್ಲುಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲೂ ಬಾಣದ ಆಯ್ಕೆ ಮೊದಲು ಕರುಣೆಯ ವಿಷಯ.

ಈ ವಾರ ಕಡ್ಡಿಯ ಬಿಗುವಿನ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅಳತೆ ನಿಮಗೆ ಗೊತ್ತೇ ಇದೆ: 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿ ಇಟ್ಟು, ನಡುವೆ 880 ಗ್ರಾಂ ತೂಗುಬಿಟ್ಟಾಗ ಅರ್ಧ ಇಂಚು ಬಾಗಿದರೆ ಅದು 500ರ ಕಡ್ಡಿ. ಹೆಚ್ಚಿನವರು ಮರೆಯುವುದು ಇಷ್ಟು: ಮೂತಿಗೆ ಭಾರ ಸೇರಿಸಿದಷ್ಟೂ ಅದೇ ಕಡ್ಡಿ ಹೆದೆಯ ಏಟಿಗೆ ಹೆಚ್ಚು ಬಾಗುತ್ತದೆ. 6.5 ಗ್ರಾಂ ಮೂತಿಗೆ ಹೊಂದಿದ ಕಡ್ಡಿಗೆ 13 ಗ್ರಾಂ ಮೂತಿ ತಿರುಗಿಸಿ, ಬಾಣ ಬಾಲ ಅಲ್ಲಾಡಿಸುತ್ತಿದೆ ಎಂದು ಗರಿಯನ್ನು ದೂರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಮೂತಿ ಏರಿಸಿದರೆ ಕಡ್ಡಿಯೂ ಗಟ್ಟಿಯಾಗಬೇಕು. ಮೂತಿಯ ಮಾತು ಬಂದಿತಲ್ಲ, ಬಿಗುವು ಇಲ್ಲಿಗಿರಲಿ.

ವೇಗದ ಪಂಥದವರೊಂದಿಗೆ ನನ್ನ ಜಗಳ ಹಳೆಯದು. ಹಗುರ ಬಾಣ, ಸೆಕೆಂಡಿಗೆ 300 ಅಡಿ ವೇಗ, ಮುಗಿಯಿತು ಎನ್ನುತ್ತಾರೆ. ದೂರದ ಅಂದಾಜು ತಪ್ಪಿದರೂ ಹಗುರ ಬಾಣ ಹೆಚ್ಚು ಇಳಿಯುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ 23 ಗ್ರಾಂ ಬಾಣವನ್ನು 300 ಅಡಿ ವೇಗದಲ್ಲಿ ಬಿಡುವ ಕಾಂಪೌಂಡ್ ಬಿಲ್ಲು 39 ಗ್ರಾಂ ಬಾಣವನ್ನು ಸುಮಾರು 235 ಅಡಿ ವೇಗದಲ್ಲಿ ಬಿಡುತ್ತದೆ. ತೂಕವನ್ನು ವೇಗದಿಂದ ಗುಣಿಸಿ ನೋಡಿ, ಭಾರದ ಬಾಣದ ಸಂವೇಗ ಹೆಚ್ಚುಕಡಿಮೆ ಮೂರನೇ ಒಂದರಷ್ಟು ಹೆಚ್ಚು. ಬಿಲ್ಲಿನ ಸದ್ದೂ ಕಡಿಮೆ, ಏಕೆಂದರೆ ನಡುಗಿ ವ್ಯರ್ಥವಾಗುವ ಶಕ್ತಿಯಲ್ಲಿ ಒಂದು ಪಾಲನ್ನು ಬಾಣವೇ ಹೊತ್ತೊಯ್ಯುತ್ತದೆ. ದೊಡ್ಡಬಳ್ಳಾಪುರದ ಮಗ್ಗಗಳ ಚಿಂದಿ ಬಿಗಿಯಾಗಿ ತುಂಬಿದ ಗೋಣಿಚೀಲಕ್ಕೆ ಎರಡನ್ನೂ ಬಿಟ್ಟು ನೋಡಿ. ಹಗುರದ್ದು ಪಟ್ಟೆಂದು ನಾಟಿ ಬಾಲ ಗಿರಗುಟ್ಟಿಸುತ್ತದೆ. ಭಾರದ್ದು ಗರಿಯ ಹತ್ತಿರದವರೆಗೂ ಸದ್ದಿಲ್ಲದೆ ಒಳಹೋಗುತ್ತದೆ. ಗಂಡು ಹಂದಿಯ ಹೆಗಲ ಮೇಲಿನ ದಪ್ಪ ಗುರಾಣಿಯಂಥ ಪದರ ಚಿಂದಿಗಿಂತ ಎಷ್ಟೋ ಗಟ್ಟಿ. ದಕ್ಷಿಣ ಆಫ್ರಿಕದ ನಟಾಲ್‌ನಲ್ಲಿ 1980ರ ದಶಕದಲ್ಲಿ ಪರೀಕ್ಷೆ ನಡೆಸಿದ ಎಡ್ ಆಶ್ಬಿ, ದಪ್ಪ ಮೂಳೆ ಸೀಳಲು ಬಾಣ 650 ಗ್ರೇನ್, ಅಂದರೆ 42 ಗ್ರಾಂ, ಇರಬೇಕೆಂದರು. ತೂಕ ಮುಂದಕ್ಕೆ ಕೂಡಿರಬೇಕು ಎಂಬುದೂ ಅವರದೇ ಮಾತು. 30 ಇಂಚಿನ ಬಾಣವನ್ನು ಬೆರಳ ಮೇಲೆ ತೂಗಿದಾಗ ಅದು ನಿಲ್ಲುವ ಜಾಗ ಉದ್ದದ ನಡುವಿಗಿಂತ ನಾಲ್ಕೂವರೆ ಇಂಚಾದರೂ ಮುಂದಿರಲಿ ಎನ್ನುವುದು ನನ್ನ ಲೆಕ್ಕ.

ಇಲ್ಲಿ ವಸಿಷ್ಠರ ಹೆಸರಿನ ಧನುರ್ವೇದ ಸಂಹಿತೆ ನನಗೆ ಅಡ್ಡ ನಿಲ್ಲುತ್ತದೆ. ಬಾಣದ ಜೊಂಡು ಅತಿ ದಪ್ಪವೂ ಅತಿ ಸಣ್ಣವೂ ಆಗಿರಬಾರದು, ಎಳಸಾಗಿರಬಾರದು, ಕೆಟ್ಟ ನೆಲದಲ್ಲಿ ಬೆಳೆದಿರಬಾರದು, ಗಿಣ್ಣು ಸೀಳಿರಬಾರದು ಎನ್ನುತ್ತದೆ ಅದು. ಗರಿ ನಾಲ್ಕು, ಒಂದೊಂದೂ ಆರಂಗುಲ. ಅಲಗುಗಳಲ್ಲಿ ಸೂಚೀಮುಖ ಕವಚಕ್ಕೆ, ಭಲ್ಲ ಹೃದಯಕ್ಕೆ, ಅರ್ಧಚಂದ್ರ ತಲೆಗೆ, ಗೋಪುಚ್ಛ ಅಭ್ಯಾಸದ ಗುರಿಗೆ. ಇಷ್ಟಕ್ಕೂ ತಲೆಬಾಗುತ್ತೇನೆ. ಆಮೇಲೆ ಬರುತ್ತದೆ ತೊಡಕು: ಮುಂದೆ ದಪ್ಪಗಿರುವುದು ಹೆಣ್ಣು ಬಾಣ, ದೂರಕ್ಕೆ, ಹಿಂದೆ ದಪ್ಪಗಿರುವುದು ಗಂಡು ಬಾಣ, ಗಟ್ಟಿಯಾದುದನ್ನು ಭೇದಿಸಲಿಕ್ಕೆ, ಉದ್ದಕ್ಕೂ ಸಮನಾಗಿರುವುದು ನಪುಂಸಕ, ಗುರಿ ಅಭ್ಯಾಸಕ್ಕೆ. ಭೇದಿಸಲು ಹಿಂಭಾರವೇ?

ನಾನು ಓದಿಕೊಳ್ಳುವುದು ಹೀಗೆ. ಶಾಸ್ತ್ರ ಇಲ್ಲಿ ಹೇಳುತ್ತಿರುವುದು ಜೊಂಡಿನ ದಪ್ಪವನ್ನು, ಇಡೀ ಬಾಣದ ತೂಕವನ್ನಲ್ಲ. ಕಬ್ಬಿಣದ ಅಲಗು ಕೂರಿಸಿದ ಮೇಲೆ ಭಾರ ಹೇಗೂ ಮುಂದೆಯೇ. ಅಲಗಿನ ಹಿಂದೆ ಕಡ್ಡಿ ತೆಳ್ಳಗಿದ್ದರೆ, ಅಲಗು ಕೊರೆದ ದಾರಿಯಲ್ಲಿ ಉಜ್ಜಾಟವಿಲ್ಲದೆ ಜಾರುತ್ತದೆ. ದಪ್ಪ ತುದಿ ಹೆದೆಯ ಏಟು ತಡೆಯುತ್ತದೆ. ಅಲಗಿನ ಕುತ್ತಿಗೆಗಿಂತ ಕಡ್ಡಿ ದಪ್ಪವಾದರೆ ಬಾಣ ಆಳಕ್ಕೆ ಇಳಿಯದು ಎಂದು ಆಶ್ಬಿಯೂ ಕಂಡುಕೊಂಡರು.

ಹಂದಿಯ ಮೈಯನ್ನು ಹಾದುಹೋದ ಬಾಣದ ದೊಡ್ಡ ವ್ಯಾಜ್ಯವಂತೂ ನಮ್ಮಲ್ಲೇ ಇದೆ. ಕಿರಾತಾರ್ಜುನರ ಎರಡು ಬಾಣ, ಒಂದು ಹಂದಿ. ಭಾರವಿಯ ಕಾವ್ಯದಲ್ಲಿ ಶಿವನ ಬಾಣ ಹಂದಿಯನ್ನು ತೂರಿ ನೆಲದೊಳಗೆ ಮರೆಯಾಗುತ್ತದೆ. ಉಳಿದ ಬಾಣ ಯಾರದೆಂದು ಜಗಳ ಹತ್ತುವುದು ಅದರಿಂದಲೇ. ಪಂಪನೂ ಈ ಪ್ರಸಂಗವನ್ನು ವಿಕ್ರಮಾರ್ಜುನ ವಿಜಯಕ್ಕೆ ತಂದ. ಅವನಿಗೂ ಬಹಳ ಮೊದಲೇ ಗಂಗರ ದುರ್ವಿನೀತ ಭಾರವಿಯ 15ನೇ ಸರ್ಗಕ್ಕೆ ವ್ಯಾಖ್ಯಾನ ಬರೆದನೆಂದು ಆ ವಂಶದ ತಾಮ್ರಶಾಸನಗಳು ಹೇಳುತ್ತವೆ. ನೆಲಮಂಗಲ ಸೀಮೆಯ ಮಣ್ಣೆ ಮುಂದೆ ರಾಜಧಾನಿಯಾದದ್ದು ಅದೇ ಗಂಗರಿಗೆ. ಚಿತ್ರಬಂಧಗಳ ಆ ಯುದ್ಧಸರ್ಗದ ಬದಲು ಹಂದಿ ಬೀಳುವ 13ನೆಯದನ್ನು ಅವನು ಆರಿಸಿಕೊಂಡಿದ್ದರೆ, ನಮ್ಮ ಸೀಮೆಯ ಬೇಟೆಗಾರರು ಎಂಥ ಬಾಣ ಹೂಡುತ್ತಿದ್ದರೆಂದು ಶಾಸನಗಳ ಸಾಲುಗಳಲ್ಲಿ ಹುಡುಕಬೇಕಾದ ಕಷ್ಟ ನನಗೆ ಇರುತ್ತಿರಲಿಲ್ಲ.