ಸಂಜೆ ನಾಲ್ಕರ ರಾತ್ಕೋ

ಹಾರ್ವರ್ಡ್ ವಿಶ್ವವಿದ್ಯಾಲಯದ ಊಟದ ಕೋಣೆಗೆಂದು ಮಾರ್ಕ್ ರಾತ್ಕೋ 1960ರ ದಶಕದಲ್ಲಿ ಬರೆದುಕೊಟ್ಟ ಆಳೆತ್ತರ ಮೀರಿದ ಚಿತ್ರಗಳು ಕಿಟಕಿಯ ಬಿಸಿಲಿಗೆ ಬಣ್ಣಗೆಟ್ಟವು. ಅವರು ಬಳಸಿದ್ದ ಲಿಥಾಲ್ ರೆಡ್ ಎಂಬ ಕೆಂಪು ಬಣ್ಣ ಬೆಳಕನ್ನು ತಾಳದು. 1979ರಲ್ಲಿ ಉಗ್ರಾಣ ಸೇರಿದ ಅವನ್ನು ಅಲ್ಲಿನ ಕಲಾ ಸಂಗ್ರಹಾಲಯ 2014ರಲ್ಲಿ ಮತ್ತೆ ಗೋಡೆಗೇರಿಸಿತು. ಕುಂಚ ಮಾತ್ರ ಮುಟ್ಟಿಸಲಿಲ್ಲ. ಹಳೆಯ ಫೋಟೊಗಳ ನೆರವಿನಿಂದ ಮೂಲ ಬಣ್ಣ ಕಂಡುಕೊಂಡು, ಎಲ್ಲೆಲ್ಲಿ ಎಷ್ಟು ಮಾಸಿದೆಯೋ ಅಷ್ಟನ್ನೇ ಪ್ರೊಜೆಕ್ಟರ್ ಬೆಳಕಿನಿಂದ ತುಂಬಿದರು. ಎಂಥ ಸಂಯಮ!

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಪ್ರದರ್ಶನದ ದಿನಗಳಲ್ಲಿ ಸಂಜೆ ನಾಲ್ಕಕ್ಕೆ ಸಂಗ್ರಹಾಲಯದವರು ಮಾಡುತ್ತಿದ್ದ ಕೆಲಸ. ನೆರೆದವರ ಎದುರೇ ಪ್ರೊಜೆಕ್ಟರ್ ಆರಿಸುತ್ತಿದ್ದರು. ತುಂಬಿ ನಿಂತಿದ್ದ ಕೆಂಪು ಇಳಿದುಹೋಗಿ ಮಾಸಲು ಕ್ಯಾನ್ವಾಸ್ ಹೊರಬೀಳುತ್ತಿತ್ತು. ಕಲಾವಿದನ ಕೈ ಯಾವುದು, ಬೆಳಕು ಕೂಡಿಸಿದ್ದು ಎಷ್ಟು ಎಂಬುದನ್ನು ಬಂದವರೆಲ್ಲ ಕಣ್ಣಾರೆ ಅಳೆದು ನೋಡಬಹುದಿತ್ತು.