ಪವಾಡ ಮತ್ತು ಪ್ರಶ್ನಾರ್ಥಕ ಚಿಹ್ನೆ: ಹೈದರಾಬಾದಿನ ಕಿರುಸಾಲದ ಅಧ್ಯಯನವೊಂದರ ಪರಾಮರ್ಶೆ

ಬಡವರಿಗೆ ಕೊಡುವ ಸಣ್ಣ ಸಾಲ ಬಡತನವನ್ನು ನೀಗುತ್ತದೆಯೇ ಎಂಬ ಪ್ರಶ್ನೆಗೆ ನಂಬಿಕೆಯ ಬಲದಿಂದ ಉತ್ತರ ಹೇಳಿದವರು ಅನೇಕರು. ಅಳೆದು ನೋಡಿ ಹೇಳಿದವರು ವಿರಳ. ಈ ವಿರಳರ ಪಂಕ್ತಿಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ರೇಚೆಲ್ ಗ್ಲೆನರ್‌ಸ್ಟರ್ ಮತ್ತು ಸಿಂಥಿಯಾ ಕಿನ್ನನ್ ಇವರು ಹೈದರಾಬಾದಿನ ಬಡ ಬಡಾವಣೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು. ‘ಕಿರುಸಾಲದ ಪವಾಡ?’ ಎಂಬರ್ಥದ ಅದರ ಶಿರೋನಾಮೆಯಲ್ಲಿ ಕೊನೆಯ ಚಿಹ್ನೆಯೇ ಮುಖ್ಯವಾದುದು. ಅಧ್ಯಯನವನ್ನು ಉಲ್ಲೇಖಿಸುವವರಲ್ಲಿ ಒಂದು ಪಂಗಡದವರು ಆ ಚಿಹ್ನೆಯನ್ನು ಅಳಿಸಿ ಓದುತ್ತಾರೆ. ಇನ್ನೊಂದು ಪಂಗಡದವರು ಪವಾಡ ಸುಳ್ಳೆಂದು ಸಾಬೀತಾಯಿತೆಂದು ಸಾರುತ್ತಾರೆ. ಅಧ್ಯಯನ ಹೇಳುವುದು ಇವೆರಡಕ್ಕಿಂತಲೂ ಕಡಿಮೆ.

ವಿಧಾನ ಸರಳವಾದುದು. ನಗರದ 104 ಬಡಾವಣೆಗಳಲ್ಲಿ, ಚೀಟಿ ಎತ್ತಿದಂತೆ ಆರಿಸಿದ 52ರಲ್ಲಿ ಸ್ಪಂದನ ಸಂಸ್ಥೆ ಮೊದಲು ಸಾಲ ಕೊಡತೊಡಗಿತು. ಉಳಿದ 52 ಹೋಲಿಕೆಗಾಗಿ ನಿಂತವು. ಸಾಲ ಹೆಂಗಸರಿಗೆ ಮಾತ್ರ. ಆರರಿಂದ ಹತ್ತು ಮಂದಿಯ ಗುಂಪು, ಒಬ್ಬಳ ಸಾಲಕ್ಕೆ ಎಲ್ಲರ ಹೊಣೆ, ಮೊದಲ ಸಾಲ 10,000 ರೂಪಾಯಿ, ತೀರಿಸಲು 50 ವಾರ. ಬಡ್ಡಿ ನೂರಕ್ಕೆ 12 ಎಂದು ಹೇಳಿದರೂ, ಅಸಲು ಇಳಿದಂತೆ ಬಡ್ಡಿ ಇಳಿಯದೆ ಮೊದಲ ಮೊತ್ತದ ಮೇಲೆಯೇ ನಿಲ್ಲುವುದರಿಂದ ನಿಜವಾದ ದರ 24ರಷ್ಟು. ಬ್ಯಾಂಕಿನ ಲೆಕ್ಕ ಬಲ್ಲವರಿಗೆ ಇದು ಹಳೆಯ ಮಾತು. ಸಾಲ ಪಡೆದವಳಿಗೆ ಇದನ್ನು ಬಿಡಿಸಿ ಹೇಳುವವರು ಅಪರೂಪ.

ಹದಿನೈದು–ಹದಿನೆಂಟು ತಿಂಗಳ ತರುವಾಯ ಕಂಡುಬಂದದ್ದೇನು? ಮೊದಲೇ ವ್ಯಾಪಾರವಿದ್ದವರ ಬಂಡವಾಳವೂ ಲಾಭವೂ ಏರಿದವು. ಬಾಳಿಕೆಯ ಸಾಮಾನುಗಳ ಖರೀದಿ ಹೆಚ್ಚಿತು. ಸಂಶೋಧಕರು ಚಪಲದ ಖರ್ಚು ಎಂದು ಬಗೆದ ಬಾಬುಗಳು ತಗ್ಗಿದವು. ಮನೆಯ ಒಟ್ಟು ಅನುಭೋಗ ಮಾತ್ರ ಗಣನೀಯವಾಗಿ ಏರಲಿಲ್ಲ. ಆರೋಗ್ಯ, ಶಿಕ್ಷಣ, ಹೆಂಗಸರ ಅಧಿಕಾರ ಇವುಗಳಲ್ಲಿ ಗುರುತಿಸತಕ್ಕ ವ್ಯತ್ಯಾಸವಿಲ್ಲ. ಲಾಭದ ಏರಿಕೆಯೂ ಮೇಲ್ತುದಿಯ ಕೆಲವೇ ವ್ಯಾಪಾರಗಳಲ್ಲಿ ಸಾಂದ್ರವಾಗಿತ್ತು.

ಇಲ್ಲಿಯವರೆಗೆ ಅಧ್ಯಯನದ ಪ್ರಾಮಾಣಿಕತೆ ನಿಸ್ಸಂದಿಗ್ಧ. ಆಕ್ಷೇಪಣೆ ಏಳುವುದು ಅದರ ಹೋಲಿಕೆಯ ಸ್ವರೂಪದಲ್ಲಿ. ಇದು ಸಾಲವಿದ್ದವರನ್ನು ಸಾಲವಿಲ್ಲದವರೊಡನೆ ತೂಗಿದ್ದಲ್ಲ. ಹೋಲಿಕೆಯ ಬಡಾವಣೆಗಳಲ್ಲಿಯೂ ಸಾಹುಕಾರರಿದ್ದರು, ಚೀಟಿಗಳಿದ್ದವು, ಬೇರೆ ಕಿರುಸಾಲ ಸಂಸ್ಥೆಗಳೂ ಇದ್ದವು. ಎರಡು ಬಗೆಯ ಬಡಾವಣೆಗಳ ನಡುವೆ ಕಿರುಸಾಲ ಪಡೆದ ಕುಟುಂಬಗಳ ಅಂತರ ನೂರಕ್ಕೆ 8.4 ಮಾತ್ರ. ನೂರು ಮನೆಗಳಲ್ಲಿ ಸುಮಾರು ಎಂಟಕ್ಕೆ ತಾಕಿದ ಬದಲಾವಣೆಯನ್ನು ನೂರು ಮನೆಗಳ ಸರಾಸರಿಯಲ್ಲಿ ಹುಡುಕಿದರೆ ಅದು ತೆಳುವಾಗಿಯೇ ಕಾಣುವುದು.

ಇದಕ್ಕಿಂತ ಗಹನವಾದ ಸಂಗತಿ ಇನ್ನೊಂದಿದೆ. ಬಡಾವಣೆಗಳು ಬೇರೆಯಾದರೂ ಕೂಲಿಯ ಪೇಟೆ ಒಂದೇ. ಮುಂಜಾನೆ ಅಡ್ಡಾದಲ್ಲಿ ನಿಂತು ಕೆಲಸ ಕಾಯುವ ಗಾರೆಯವನು ಯಾವ ಬಡಾವಣೆಯವನೆಂದು ಮೇಸ್ತ್ರಿ ಕೇಳುವುದಿಲ್ಲ. ಸಾಲ ಪಡೆದ ದರ್ಜಿಯೊಬ್ಬಳು ಪಕ್ಕದ ಬಡಾವಣೆಯ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡರೆ, ಆ ಕೂಲಿ ಸಾಲ ಮುಟ್ಟದ ಬಡಾವಣೆಯ ಲೆಕ್ಕಕ್ಕೆ ಸೇರಿ, ಅಂತರವನ್ನು ಹಿಗ್ಗಿಸುವ ಬದಲು ಕುಗ್ಗಿಸುವುದು. ಅಂದಮೇಲೆ, ಸಾಲ ಪಡೆಯದವನಿಗೆ ಸಾಲದಿಂದ ಆಗುವ ಒಳಿತು ಕೆಡುಕುಗಳು ಈ ಅಳತೆಗೋಲಿಗೆ ಸಿಕ್ಕತಕ್ಕವಲ್ಲ.

ಅವು ಸಿಕ್ಕಿದ್ದು ಒಂದು ಅನಾಹುತದ ಮೂಲಕ. ಹೈದರಾಬಾದಿನಲ್ಲಿ ನೆಲೆಗೊಂಡಿದ್ದ ಎಸ್‌ಕೆಎಸ್ ಸಂಸ್ಥೆ 2010ರ ಆಗಸ್ಟಿನಲ್ಲಿ ಷೇರು ಪೇಟೆಯನ್ನು ಪ್ರವೇಶಿಸಿತು. ಅಕ್ಟೋಬರಿನಲ್ಲಿ, ಸಾಲಗಾರರ ಆತ್ಮಹತ್ಯೆಗಳ ವರದಿಗಳ ಬೆನ್ನಿಗೆ, ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು; ರಾಜ್ಯದಲ್ಲಿ ವಸೂಲಿ ಕುಸಿದುಬಿತ್ತು. ಆಂಧ್ರದಲ್ಲಿ ಹಣ ಸಿಕ್ಕಿಬಿದ್ದ ಸಂಸ್ಥೆಗಳು ಇತರ ರಾಜ್ಯಗಳಲ್ಲಿಯೂ ಕೈ ಹಿಡಿಯಬೇಕಾಯಿತು. ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ 2021ರಲ್ಲಿ ತೋರಿಸಿಕೊಟ್ಟಂತೆ, ಸಾಲ ಹೀಗೆ ಬತ್ತಿದ ಹೊರರಾಜ್ಯದ ಜಿಲ್ಲೆಗಳಲ್ಲಿ ದಿನಗೂಲಿಯ ದರವೇ ಇಳಿಯಿತು, ಅನುಭೋಗವೂ ಇಳಿಯಿತು. ಕೂಲಿಯ ದರ ಇಳಿದರೆ ಸಾಲದ ಮುಖ ಕಾಣದ ಕೂಲಿಯವನಿಗೂ ಪೆಟ್ಟು ಬೀಳುತ್ತದೆ. 2015ರ ಅಧ್ಯಯನವನ್ನು ಇದರ ಜತೆಗಿಟ್ಟು ಓದದೆ ಕಿರುಸಾಲ ನಿಷ್ಫಲವೆಂದು ತೀರ್ಪು ಕೊಡುವುದು ಆತುರ.

ಇನ್ನು ಸಾಲದ ರಚನೆ. ಹತ್ತು ಸಾವಿರಕ್ಕೆ ವಾರದ ಅಸಲೇ ಇನ್ನೂರು. ಅದೂ ಸಾಲ ಕೈಸೇರಿದ ಕೆಲವೇ ದಿನಗಳಲ್ಲಿ ಶುರು. ಹೊಲಿಗೆಯ ಯಂತ್ರ ಕೊಂಡವಳು ಗಿರಾಕಿಗಳನ್ನು ಕಂಡುಕೊಳ್ಳುವ ಮೊದಲೇ ಕಂತು ಬಾಗಿಲಿಗೆ ಬರುತ್ತದೆ. ಕೋಲ್ಕತ್ತದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮೊದಲಾದವರು ಕೆಲವರಿಗೆ ಎರಡು ವಾರದ ಬದಲು ಎರಡು ತಿಂಗಳ ಬಿಡುವು ಕೊಡಿಸಿ ನೋಡಿದಾಗ ವ್ಯಾಪಾರದ ಹೂಡಿಕೆಯೂ ದೀರ್ಘಕಾಲದ ಲಾಭವೂ ಹೆಚ್ಚಿದವು. ಜತೆಗೆ ಬಾಕಿಯೂ ಹೆಚ್ಚಿತು. ಹಾಗಾದರೆ ಕಿರುಸಾಲ ಸಂಸ್ಥೆಗಳು ಹೆಮ್ಮೆಯಿಂದ ಮುಂದಿಡುವ ಪೂರ್ಣ ವಸೂಲಿಯ ಅಂಕಿ ಬಡತನ ಇಳಿದುದರ ಗುರುತಾಗಲಾರದು. ಸಾಲಗಾರಳು ಧೈರ್ಯದ ಕೆಲಸಕ್ಕೆ ಕೈಹಾಕಲಿಲ್ಲವೆಂಬುದರ ಗುರುತೂ ಆಗಬಹುದು.

ನೆರೆಹೊರೆಯ ಜಾಮೀನು ಕನ್ನಡ ನಾಡಿಗೆ ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರ ಸಂಘ ನಿಂತದ್ದು ಆ ಬುನಾದಿಯ ಮೇಲೆಯೇ. ಭೇದವಿರುವುದು ಒಡೆತನದಲ್ಲಿ: ಅಲ್ಲಿ ಸಾಲ ಪಡೆಯುವವನೇ ಸಂಘದ ಸದಸ್ಯ. ಆದರೆ ಇದನ್ನು ಹೇಳಿ ಬೀಗುವಂತಿಲ್ಲ. 1951–52ರ ಗ್ರಾಮೀಣ ಸಾಲ ಸಮೀಕ್ಷೆಯ ವೇಳೆಗೆ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟಿತ್ತು.

ರಿಸರ್ವ್ ಬ್ಯಾಂಕು 2022ರಲ್ಲಿ ವಿಧಿಸಿದ ನಿಯಮದಂತೆ ಕುಟುಂಬವೊಂದರ ಎಲ್ಲ ಸಾಲಗಳ ಕಂತು ತಿಂಗಳ ವರಮಾನದ ಅರ್ಧವನ್ನು ಮೀರಕೂಡದು. ಅದಾದ ಮೇಲೆಯೂ, 2025ರ ಫೆಬ್ರವರಿಯಲ್ಲಿ, ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸುಗ್ರೀವಾಜ್ಞೆ ತರಬೇಕಾಯಿತು. ಅಡ್ಡಾದಲ್ಲಿ ನಿಲ್ಲುವವನಿಗೆ ತಿಂಗಳ ವರಮಾನವೆಂಬುದಿಲ್ಲ. ಕೆಲಸ ಸಿಕ್ಕ ದಿನಗಳಿವೆ, ಸಿಗದ ದಿನಗಳಿವೆ. ಸಾಲದ ಅರ್ಜಿಯಲ್ಲಿ ಆ ಅಂಕಿಯನ್ನು ತುಂಬುವವನು ಸಾಲ ಕೊಡುವವನ ಕಡೆಯ ನೌಕರ.