ಹನ್ನೆರಡು ನಿಮಿಷದ ಲೆಕ್ಕ

ಹೃದಯ ನಿಂತು ಕುಸಿದವರಲ್ಲಿ ಕೆಲವರು ಎದ್ದು ಮನೆಗೆ ಹೋಗುತ್ತಾರೆ, ಉಳಿದವರಿಗೆ ಅದೇಕೆ ಸಾಧ್ಯವಾಗುವುದಿಲ್ಲ? ಸಿಯಾಟಲ್‌ನ ತುರ್ತು ವೈದ್ಯ ಮಿಕಿ ಐಸೆನ್‌ಬರ್ಗ್ ದಶಕಗಳ ಕಾಲ ಬೆನ್ನು ಹತ್ತಿದ್ದು ಈ ಪ್ರಶ್ನೆಯನ್ನೇ. ಅವರ ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1993ರಲ್ಲಿ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಪುಟ್ಟ ಸಮೀಕರಣ. ಹೃದಯ ಅದುರುತ್ತ, ಶಾಕ್‌ಗೆ ಸ್ಪಂದಿಸುವ ಸ್ಥಿತಿಯಲ್ಲಿ ಕುಸಿದವರ ಲೆಕ್ಕ ಅದು. ಆ ಗಳಿಗೆಯಲ್ಲೇ ಎಲ್ಲ ಚಿಕಿತ್ಸೆ ಸಿಕ್ಕರೆ ನೂರಕ್ಕೆ 67 ಮಂದಿ ಉಳಿಯುತ್ತಾರೆ. ತಡವಾದ ಪ್ರತಿ ನಿಮಿಷಕ್ಕೂ ಎದೆ ಒತ್ತದ್ದಕ್ಕೆ 2.3, ಶಾಕ್ ಕೊಡದ್ದಕ್ಕೆ 1.1, ಔಷಧ ಮೊದಲಾದ ಮುಂದಿನ ಚಿಕಿತ್ಸೆ ಸಿಗದ್ದಕ್ಕೆ 2.1 ಕಳೆಯುತ್ತ ಹೋಗಬೇಕು.

ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಕಬ್ಬಿನ ಹೊಲವೊಂದಕ್ಕೆ ಆಂಬುಲೆನ್ಸ್ 12 ನಿಮಿಷದಲ್ಲಿ ಬಂದು ಆಗಲೇ ಎಲ್ಲ ಚಿಕಿತ್ಸೆ ಶುರು ಮಾಡಿತೆಂದು ಹಿಡಿಯೋಣ. ಅಲ್ಲಿಯವರೆಗೆ ಯಾರೂ ಕೈ ಹಚ್ಚದಿದ್ದರೆ ಉಳಿಯುವುದು ನೂರಕ್ಕೆ ಒಂದು ಜೀವ. ಪಕ್ಕದಲ್ಲಿ ಕಬ್ಬು ಕಡಿಯುತ್ತಿದ್ದವನು ಒಂದು ನಿಮಿಷದೊಳಗೆ ಎದೆ ಒತ್ತತೊಡಗಿದ್ದರೆ 26. ಈ ಅಂಕಿಯನ್ನು ಅಕ್ಷರಶಃ ನಂಬಬಾರದು. ತುರ್ತು ಸೇವೆ ಚುರುಕಾಗಿರುವ, ಸಿಯಾಟಲ್ ಇರುವ ಕಿಂಗ್ ಕೌಂಟಿಯ ದಾಖಲೆಗಳಿಂದ ಎಳೆದ ನೇರ ಗೆರೆ ಅದು. ಇಲ್ಲಿಯ ರಸ್ತೆ, ಇಲ್ಲಿಯ ದೂರ ಅದಕ್ಕೆ ಗೊತ್ತಿಲ್ಲ. ಆದರೂ ವೈದ್ಯರು ಬರುವ ಮೊದಲಿನ ಪಾಲು ಎಷ್ಟು ದೊಡ್ಡದೆಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಬರಹ ನಾನು ಬೇರೆ ಕಂಡಿಲ್ಲ.

ಫೋನಿನ ಮೂಲಕ ಎದೆ ಒತ್ತಿಸುವ ಕ್ರಮವನ್ನು ಪರೀಕ್ಷಿಸಿ ಐಸೆನ್‌ಬರ್ಗ್ ತಂಡ 1985ರಲ್ಲೇ ಫಲಿತಾಂಶ ಪ್ರಕಟಿಸಿತ್ತು. ನಮಗೆ ಮೊದಲು ಬೇಕಾದದ್ದು ಇದು. ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ನೇಕಾರನೊಬ್ಬ ಕುಸಿದರೆ ಮುಖಕ್ಕೆ ನೀರು ಚಿಮುಕಿಸುತ್ತಾರೆ, ಅಂಗಾಲು ತಿಕ್ಕುತ್ತಾರೆ. ನಡುನಡುವೆ ಗೊರಕೆಯಂಥ ಉಸಿರು ಎಳೆದರೆ ‘ಜೀವ ಐತಿ’ ಎಂದು ಕಾಯುತ್ತಾರೆ. ನಿಜಕ್ಕೂ ಅದು ಹೃದಯ ನಿಂತಾಗಿನ ಉಸಿರಾಗಿರಬಹುದು. ಫೋನಿನ ಆಚೆಯವರು ಕೇಳಬೇಕಾದದ್ದು ಎರಡೇ: ‘ಮಾತಾಡ್ಸಿದ್ರ ಕಣ್ಣ ತಗೀತಾರೇನ್ರಿ? ಉಸಿರು ಎಂದಿನಂಗ ಐತೇನ್ರಿ?’ ಎರಡಕ್ಕೂ ‘ಇಲ್ರಿ’ ಎಂದರೆ ಒತ್ತಲು ಶುರು ಮಾಡಬೇಕು: ಎದೆಯ ನಡುವೆ, ಐದು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. 108ಕ್ಕೆ ಕರೆ ಮಾಡಿದವರಿಗೆ ಈ ಮಾತು ಈ ಸೀಮೆಯ ಕನ್ನಡದಲ್ಲೇ ಕೇಳಿಸಬೇಕು. ಕೇಳಿಸಬೇಕಾದರೆ ಯಾರಾದರೂ ಮೊದಲು ಮಗ್ಗ ಬಂದ್ ಮಾಡಬೇಕು. ಇಂಥ ಸಣ್ಣ ಸಂಗತಿ ಸಿಯಾಟಲ್‌ನ ಪ್ರಬಂಧಗಳಲ್ಲಿ ಸಿಗಲಾರದು. ಅದನ್ನು ಬನಹಟ್ಟಿಯವರೇ ಸೇರಿಸಬೇಕು.

2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಹೋದ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಕರ್ನಾಟಕ ಸರ್ಕಾರ ಆರಂಭಿಸಿದೆ. ಎದೆನೋವಿನವರ ಇಸಿಜಿಯನ್ನು ದೂರದ ತಜ್ಞರು ನೋಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡಿಸುವ ಏರ್ಪಾಡು ಇದು. ಮನಸಾರೆ ಮೆಚ್ಚುತ್ತೇನೆ. ಆದರೆ ಆ ಚುಚ್ಚುಮದ್ದು ನೆರವಾಗುವುದು ಆಸ್ಪತ್ರೆಯ ಬಾಗಿಲವರೆಗೆ ಜೀವ ಹಿಡಿದು ಬಂದವರಿಗೆ. ಹೊಲದಲ್ಲಿ, ಶೆಡ್ಡಿನಲ್ಲಿ ಕುಸಿದವರಿಗೆ ಅದಕ್ಕಿಂತ ಮುಂಚೆ ಒಂದು ಜೊತೆ ಕೈ ಬೇಕು.

1990ರಲ್ಲಿ ನಾರ್ವೆಯ ಉಟ್‌ಸ್ಟೈನ್ ಮಠದಲ್ಲಿ ಸೇರಿದ ತಜ್ಞರು ಆಸ್ಪತ್ರೆಯ ಹೊರಗೆ ಹೃದಯ ನಿಂತ ಪ್ರಕರಣಗಳ ದಾಖಲೆಗೆ ಎಲ್ಲ ದೇಶಗಳಿಗೂ ಒಪ್ಪುವ ನಮೂನೆ ರೂಪಿಸಲು ಕುಳಿತರು. ಜಮಖಂಡಿ, ಮುಧೋಳದ ಆಸ್ಪತ್ರೆಗಳು ಅದರಿಂದ ನಾಲ್ಕೇ ಕಾಲಂ ತೆಗೆದುಕೊಂಡರೂ ಸಾಕು: ಕುಸಿದದ್ದು ಯಾವಾಗ, ಫೋನ್ ಹೋದದ್ದು ಯಾವಾಗ, ಮೊದಲು ಎದೆ ಒತ್ತಿದವರು ಯಾರು, ರೋಗಿ ನಡೆದು ಮನೆಗೆ ಹೋದರೇ.